ಇದು ನಮಗೆ ಹೇಗೆ ಗೊತ್ತು?

ಬೆಂಗಳೂರಿಗೆ ಆ ಹೆಸರು ಹೇಗೆ ಬಂದಿತೆಂದು ನಮ್ಮ ಯಾವ ಶಾಲೆಯ ಮಕ್ಕಳನ್ನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ. ಹೊಯ್ಸಳ ದೊರೆ ವೀರಬಲ್ಲಾಳನು ಬೇಟೆಗೆ ಹೋಗಿ ಕಾಡಿನಲ್ಲಿ ದಾರಿ ತಪ್ಪಿದನು. ಹಸಿದು ಬಂದವನಿಗೆ ಗುಡಿಸಿಲಿನ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟು ಉಪಚರಿಸಿದಳು. ಅದರಿಂದ ಬೆಂದಕಾಳೂರು, ಅದೇ ಮುಂದೆ ಬೆಂಗಳೂರು. ಕಥೆ ಸೊಗಸಾಗಿದೆ. ಅರಸನ ಹಸಿವಿದೆ, ಬಡವಿಯ ಔದಾರ್ಯವಿದೆ, ಕೊನೆಗೆ ಒಂದು ಊರೇ ಹುಟ್ಟಿಕೊಳ್ಳುವ ಸೋಜಿಗವಿದೆ. ಒಮ್ಮೆ ಕೇಳಿದ ಮಗು ಇದನ್ನು ಮರೆಯುವುದಿಲ್ಲ.

ಆದರೆ ಬೆಂಗಳೂರಿನ ದಕ್ಷಿಣ ದಿಕ್ಕಿನಲ್ಲಿ, ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಒಂದು ವೀರಗಲ್ಲಿದೆ. ಗಂಗರ ಕಾಲದ ಅಧಿಕಾರಿ ನಾಗತ್ತರನ ಕಡೆಯವನೊಬ್ಬ ‘ಬೆಂಗಳೂರಿನ ಕಾಳಗ’ದಲ್ಲಿ ಸತ್ತನೆಂದು ಆ ಕಲ್ಲು ಹೇಳುತ್ತದೆ. ವಿದ್ವಾಂಸರು ಅದರ ಕಾಲವನ್ನು ಸುಮಾರು ಕ್ರಿ.ಶ. 890 ಎಂದು ಗೊತ್ತುಮಾಡಿದ್ದಾರೆ. ಕಥೆಯಲ್ಲಿ ಬರುವ ವೀರಬಲ್ಲಾಳನು ಪಟ್ಟಕ್ಕೆ ಬಂದುದು 1173ರಲ್ಲಿ. ಅರಸನು ದಾರಿ ತಪ್ಪುವುದಕ್ಕೆ ಮುನ್ನೂರು ವರ್ಷಗಳಷ್ಟು ಮೊದಲೇ ಊರಿಗೆ ಹೆಸರು ಬಂದುಬಿಟ್ಟಿತ್ತು ಎಂದಾಯಿತು. ಈ ಶಾಸನವನ್ನು ಮೈಸೂರಿನ ಪ್ರಾಕ್ತನ ವಿಮರ್ಶೆಯ ಇಲಾಖೆ ಬೆಳಕಿಗೆ ತಂದು ನೂರು ವರ್ಷಗಳೇ ಕಳೆದುಹೋದುವು. ಆದರೂ ತರಗತಿಯಲ್ಲಿ ಮುದುಕಿಯ ಬೆಂದ ಕಾಳು ಇನ್ನೂ ಆರಿಲ್ಲ.

ಇಂದು ನಾನು ಹೇಳಬೇಕೆಂದಿರುವುದು ಬೆಂಗಳೂರಿನ ಹೆಸರಿನ ವಿಷಯವನ್ನಲ್ಲ. ಇತಿಹಾಸವನ್ನು ನಮ್ಮ ಶಾಲೆ ಕಾಲೇಜುಗಳಲ್ಲಿ ಕಲಿಸುವ ಕ್ರಮದ ವಿಷಯವನ್ನು. ಬೇಗೂರಿನ ಕಲ್ಲಿನ ಸಂಗತಿ ಗೊತ್ತಿರುವ ಒಬ್ಬ ಉತ್ಸಾಹಿ ಉಪಾಧ್ಯಾಯರು ತರಗತಿಗೆ ಬಂದರೆಂದು ಭಾವಿಸೋಣ. ಅವರು ಸಾಮಾನ್ಯವಾಗಿ ಏನು ಮಾಡುತ್ತಾರೆ? “ಮಕ್ಕಳೇ, ಬೆಂದಕಾಳೂರಿನ ಕಥೆ ಸುಳ್ಳು, 890ರ ಶಾಸನದಲ್ಲಿ ಬೆಂಗಳೂರಿನ ಹೆಸರಿದೆ, ಬರೆದುಕೊಳ್ಳಿ” ಎನ್ನುತ್ತಾರೆ. ಮಕ್ಕಳು ಬರೆದುಕೊಳ್ಳುತ್ತಾರೆ. ನಿನ್ನೆ ಒಂದು ವಾಕ್ಯವನ್ನು ಉರು ಹೊಡೆದಿದ್ದ ಬಾಯಿ ಇಂದು ಇನ್ನೊಂದು ವಾಕ್ಯವನ್ನು ಉರು ಹೊಡೆಯುತ್ತದೆ. ಎರಡನೆಯ ವಾಕ್ಯ ನಿಜ, ಮೊದಲನೆಯದು ನಿಜವಲ್ಲ, ಒಪ್ಪಿದೆ. ಆದರೆ ಮಗುವಿನ ಮಟ್ಟಿಗೆ ಎರಡೂ ಒಂದೇ. ಎರಡನ್ನೂ ದೊಡ್ಡವರು ಹೇಳಿದರು, ಅದು ನಂಬಿತು. ನಾಳೆ ಮೂರನೆಯವರೊಬ್ಬರು ಬಂದು ಇನ್ನೂ ಗಟ್ಟಿಯಾದ ದನಿಯಲ್ಲಿ ಮೂರನೆಯ ವಾಕ್ಯವನ್ನು ಹೇಳಿದರೆ ಅದನ್ನೂ ನಂಬುತ್ತದೆ. ಆ ಮಗುವಿನ ಕೈಯಲ್ಲಿ ಹಿಡಿದು ಅಳೆಯುವುದಕ್ಕೆ ಯಾವ ಮಾನದಂಡವನ್ನೂ ನಾವು ಕೊಟ್ಟಿಲ್ಲ.

ಹಾಗಾದರೆ ಕೊಡಬೇಕಾದುದೇನು? “ಇದು ನಮಗೆ ಹೇಗೆ ಗೊತ್ತು?” ಎಂಬ ಒಂದು ಪ್ರಶ್ನೆ. ನನ್ನ ತಿಳಿವಳಿಕೆಯಲ್ಲಿ ಇತಿಹಾಸದ ಪಾಠ ಆರಂಭವಾಗುವುದು ಈ ಪ್ರಶ್ನೆಯಿಂದ. ಬೇಗೂರಿನ ಕಲ್ಲನ್ನು ಮುಂದಿಟ್ಟುಕೊಂಡು ಹತ್ತು ವರ್ಷದ ಮಕ್ಕಳನ್ನೂ ಕೇಳಬಹುದು. ಈ ಕಲ್ಲನ್ನು ಯಾರು ನಿಲ್ಲಿಸಿದರು? ಏಕೆ ನಿಲ್ಲಿಸಿದರು? ಊರಿನ ಹೆಸರನ್ನು ನಮಗೆ ತಿಳಿಸಬೇಕೆಂಬ ಉದ್ದೇಶ ಅವರಿಗಿತ್ತೆ? ಇರಲಿಲ್ಲ. ಸತ್ತವನೊಬ್ಬನ ನೆನಪಿಗಾಗಿ ನಿಲ್ಲಿಸಿದರು. ಊರಿನ ಹೆಸರು ಮಾತಿನ ನಡುವೆ ತಾನಾಗಿ ಬಂದು ಕುಳಿತಿತು. ಹಾಗೆ ಉದ್ದೇಶವಿಲ್ಲದೆ ಬಂದ ಮಾತು ಎಷ್ಟು ನಂಬಲರ್ಹವಾದುದೆಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಅವರಲ್ಲಿ ಚುರುಕಾದ ಒಬ್ಬಳು ಎದ್ದುನಿಂತು, “ಆ ಕಲ್ಲಿನ ಬೆಂಗಳೂರೂ ನಮ್ಮ ಬೆಂಗಳೂರೂ ಒಂದೇ ಎಂದು ಹೇಗೆ ಹೇಳುತ್ತೀರಿ?” ಎಂದು ಕೇಳಿದರೆ ಉಪಾಧ್ಯಾಯರು ಸಂತೋಷಪಡಬೇಕು. ಏಕೆಂದರೆ ಕೊಡಿಗೇಹಳ್ಳಿಯ ಬಳಿ ಹಳೆಯ ಬೆಂಗಳೂರೆಂಬ ಒಂದು ಹಳ್ಳಿಯುಂಟು. 1537ರಲ್ಲಿ ಕೆಂಪೇಗೌಡನು ಕೋಟೆ ಕಟ್ಟಿಸಿದಾಗ ಆ ಹೆಸರನ್ನೇ ಹೊಸ ಊರಿಗೂ ಇಟ್ಟನೆಂಬ ಪ್ರತೀತಿಯುಂಟು. ಅಲ್ಲಿಂದ ಮುಂದೆ ಪಾಠ ತಾನಾಗಿಯೇ ನಡೆಯುತ್ತದೆ.

ಬೆಂದ ಕಾಳಿನ ಕಥೆಯನ್ನು ಶಾಲೆಯಿಂದ ಹೊರಗೆ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಕಥೆಯೂ ಒಂದು ಬಗೆಯ ದಾಖಲೆಯೇ; ಅದು ವೀರಬಲ್ಲಾಳನ ಕಾಲಕ್ಕಲ್ಲ, ಕಥೆ ಕಟ್ಟಿದವರ ಕಾಲಕ್ಕೆ ದಾಖಲೆ. ಹೆಸರಿನ ಅರ್ಥ ಮರೆತುಹೋದಾಗ ಜನ ಒಂದು ಕಥೆಯಿಂದ ಆ ಬಿರುಕನ್ನು ಮೆತ್ತುತ್ತಾರೆ. ನಮ್ಮ ನಾಡಿನಲ್ಲಿ ಇಂತಹ ಸ್ಥಳಕಥೆಯಿಲ್ಲದ ಊರು ಅಪರೂಪ. ಕಥೆಯನ್ನು ಕಥೆಯೆಂದು, ಶಾಸನವನ್ನು ಶಾಸನವೆಂದು ಹೇಳಿಕೊಟ್ಟರೆ ಮಕ್ಕಳಿಗೆ ಎರಡರ ರುಚಿಯೂ ದೊರೆಯುತ್ತದೆ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಇಸವಿಗಳನ್ನು ಹಾಸ್ಯಮಾಡುವುದು ಈಚೆಗೆ ಒಂದು ವಾಡಿಕೆಯಾಗಿದೆ. “ಇಸವಿಗಳ ಪಟ್ಟಿಯೇ ಇತಿಹಾಸವೆ?” ಎಂದು ಕೇಳುವವರು ಬಹಳ. ಅಲ್ಲವೆಂಬುದು ನಿಜ. ಆದರೆ 890 ಮತ್ತು 1173 ಎಂಬ ಎರಡು ಅಂಕೆಗಳಿಲ್ಲದಿದ್ದರೆ ಮೇಲಿನ ಇಡೀ ವಿಚಾರವೇ ನಿಲ್ಲುತ್ತಿರಲಿಲ್ಲ. ದೋಷವಿರುವುದು ಇಸವಿಯಲ್ಲಲ್ಲ, ಇಸವಿಯನ್ನು ಆಕಾಶದಿಂದ ಉದುರಿದ್ದೆಂಬಂತೆ ಕಲಿಸುವುದರಲ್ಲಿ. ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನ ಸುಮಾರು 450ರದೆಂದು ನಮ್ಮ ಪ್ರತಿಯೊಬ್ಬ ವಿದ್ಯಾರ್ಥಿಯೂ ಬರೆದು ಅಂಕ ಪಡೆಯುತ್ತಾನೆ. ಆದರೆ ಆ ಕಲ್ಲಿನ ಮೇಲೆ ಯಾವ ಇಸವಿಯೂ ಇಲ್ಲ! ಹಾಗಿದ್ದ ಮೇಲೆ 450 ಎಲ್ಲಿಂದ ಬಂದಿತು? ಅಕ್ಷರಗಳ ಆಕಾರದಿಂದ, ಭಾಷೆಯ ಹಳಮೆಯಿಂದ, ಅದರಲ್ಲಿ ಬರುವ ಅರಸರ ಮತ್ತು ವಂಶಗಳ ಹೆಸರುಗಳಿಂದ ವಿದ್ವಾಂಸರು ಊಹಿಸಿದ್ದು. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದಂದಿನಿಂದ ಅದರ ಕಾಲದ ಬಗೆಗೆ ಚರ್ಚೆ ನಡೆದಿದೆ. ತಾಳಗುಂದದಲ್ಲಿ ಈಚೆಗೆ ದೊರೆತ ಒಂದು ಶಾಸನ ಇದಕ್ಕಿಂತಲೂ ಹಳೆಯದೆಂಬ ವಾದವೂ ಬಂದಿದೆ. ‘ಸುಮಾರು’ ಎಂಬ ಆ ಒಂದು ಪದದ ಹಿಂದೆ ಎಷ್ಟು ವಿವೇಚನೆಯಿದೆ! ನಮ್ಮ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಮೊದಲು ಕಳೆದುಹೋಗುವುದು ಆ ಪದವೇ.

ಪ್ರೌಢಶಾಲೆಯ ಮಟ್ಟಕ್ಕೆ ಬಂದರೆ ನನಗೆ ಮೊದಲು ನೆನಪಾಗುವುದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಶಕ 872, ಎಂದರೆ ಕ್ರಿ.ಶ. 949-50ಕ್ಕೆ ಸೇರಿದ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತು. ಒಂದು ನಾಯಿ ಮತ್ತು ಒಂದು ಹಂದಿ ಸೆಣಸುತ್ತಿರುವ ಚಿತ್ರ ಅದರ ಮೇಲಿದೆ. ಗಂಗರ ಬೂತುಗನ ಕಡೆಯ ವೀರ ಮಣಲೆರ. ಯುದ್ಧದಲ್ಲಿ ಅವನ ಪರಾಕ್ರಮಕ್ಕೆ ಮೆಚ್ಚಿ ಒಡೆಯನು “ಬೇಕಾದುದನ್ನು ಕೇಳು” ಎಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿ ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು, ಭೂಮಿ ಬಿಡಲಾಯಿತು, ಕಲ್ಲಿಗೆ ಪೂಜೆ ಸಲ್ಲಿಸದೆ ಗೊರವನು ಊಟ ಮಾಡಕೂಡದೆಂದು ಕಟ್ಟಳೆಯಾಯಿತು.

ಈ ಮಾತುಗಳನ್ನು ಕೇಳಿ ಮೈಮರೆಯದ ಮಕ್ಕಳಿಲ್ಲ. ಆದರೆ ಅದೇ ಕಲ್ಲು ಇನ್ನೊಂದು ದೊಡ್ಡ ಸಂಗತಿಯನ್ನೂ ಹೇಳುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ಚೋಳ ರಾಜಕುಮಾರ ರಾಜಾದಿತ್ಯನನ್ನು ಬೂತುಗನು ಕೊಂದನು. ಮೆಚ್ಚಿದ ಕೃಷ್ಣನು ಬನವಾಸಿ ಮೊದಲಾದ ನಾಡುಗಳನ್ನು ಅವನಿಗೆ ಕೊಟ್ಟನು. ಕೊಂದುದು ಹೇಗೆ? ಶಾಸನವನ್ನು ಮೊದಮೊದಲು ಓದಿದಾಗ ಅದರ ಒಂದು ಪದಕ್ಕೆ ವಂಚನೆಯೆಂಬ ಅರ್ಥವನ್ನು ಹಚ್ಚಲಾಯಿತು. ಬೂತುಗನು ರಾಜಾದಿತ್ಯನನ್ನು ಅಪ್ಪಿಕೊಂಡು ಮೋಸದಿಂದ ಕೊಂದನೆಂಬ ಅಪಕೀರ್ತಿ ಅವನ ತಲೆಗೆ ಕಟ್ಟಿತು. ಅನಂತರ ವಿದ್ವಾಂಸರು ಮತ್ತೆ ಓದಿದರು. ಅಲ್ಲಿರುವುದು ವಂಚನೆಯಲ್ಲ, ‘ಕಳ’, ಎಂದರೆ ರಣರಂಗ. ಆನೆಯ ಮೇಲಣ ಅಂಬಾರಿಯನ್ನೇ ರಣರಂಗವಾಗಿ ಮಾಡಿಕೊಂಡು ಹೋರಾಡಿ ಕೊಂದನೆಂದು ತಾತ್ಪರ್ಯ. ಇತ್ತ ಚೋಳರ ತಾಮ್ರಶಾಸನವನ್ನು ತೆಗೆದು ನೋಡಿದರೆ, ಸೋತ ಪಕ್ಷದವರೂ ಮೋಸದ ಮಾತನ್ನೆತ್ತುವುದಿಲ್ಲ. ತಮ್ಮ ರಾಜಾದಿತ್ಯನು ಆನೆಯ ಮೇಲೆ ಕುಳಿತು ಕಾದಾಡುತ್ತ, ಎದೆಗೆ ಬಾಣ ನಾಟಿ ವೀರಸ್ವರ್ಗಕ್ಕೆ ಹೋದನೆಂದು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಆನೆಯ ಮಾತಿನಲ್ಲಿ ಎರಡು ಪಕ್ಷಗಳೂ ಕೂಡುತ್ತವೆ. ಕೊಂದವರು ಯಾರೆಂಬುದರಲ್ಲಿ ಕೂಡುವುದಿಲ್ಲ. ಚೋಳರ ಪ್ರಕಾರ ಆ ಬಾಣಗಳು ಕೃಷ್ಣನವು.

ಒಂದೇ ಪದದ ಮೇಲೆ ಸಾವಿರ ವರ್ಷದ ಹಿಂದಿನ ಮನುಷ್ಯನೊಬ್ಬನ ಮಾನ ನಿಂತಿರುವುದನ್ನು ಕಂಡ ವಿದ್ಯಾರ್ಥಿ ಮುಂದೆ ಯಾವುದನ್ನೂ ಅವಸರದಿಂದ ಓದಲಾರ. ಹಳಗನ್ನಡವನ್ನು ಏಕೆ ಕಲಿಯಬೇಕೆಂದು ಕೇಳುವ ವಿದ್ಯಾರ್ಥಿಗೂ ಇಲ್ಲೇ ಉತ್ತರವಿದೆ. ಕನ್ನಡದ ಪಾಠವನ್ನೂ ಇತಿಹಾಸದ ಪಾಠವನ್ನೂ ಬೇರೆ ಬೇರೆ ಕೋಣೆಗಳಲ್ಲಿ, ಒಬ್ಬರ ಮುಖವನ್ನೊಬ್ಬರು ನೋಡದ ಇಬ್ಬರು ಅಧ್ಯಾಪಕರು ನಡೆಸುವ ಪದ್ಧತಿ ನಮ್ಮ ನಾಡಿನಲ್ಲಂತೂ ದುಂದುಗಾರಿಕೆಯೇ ಸರಿ. ಶಾಸನಗಳನ್ನು ಜನಜೀವನದ ಕನ್ನಡಿಯಾಗಿ ಹೇಗೆ ಓದಬೇಕೆಂಬುದನ್ನು ಡಾ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಷ್ಟು ಹಿಂದೆಯೇ ತೋರಿಸಿಕೊಟ್ಟಿತು. ಅದನ್ನು ಬರೆದವರು ಕನ್ನಡದ ಅಧ್ಯಾಪಕರು.

ಕಾಲೇಜಿನಲ್ಲಿ ಕೆಲಸ ಇನ್ನೂ ಕಠಿನ, ಏಕೆಂದರೆ ಅಲ್ಲಿಗೆ ಬರುವ ವಿದ್ಯಾರ್ಥಿ ಬರಿಗೈಯಲ್ಲಿ ಬರುವುದಿಲ್ಲ; ಮನೆಯಿಂದ, ಬೀದಿಯಿಂದ, ಸಿನಿಮಾದಿಂದ, ಈಗ ಕೈಯಲ್ಲಿನ ಫೋನಿನಿಂದಲೂ ಸಿದ್ಧವಾದ ತೀರ್ಮಾನಗಳನ್ನು ಹೊತ್ತು ಬರುತ್ತಾನೆ. 1565ರ ಯುದ್ಧವನ್ನೇ ತೆಗೆದುಕೊಳ್ಳಿ. ಅದನ್ನು ತಾಳಿಕೋಟೆಯ ಯುದ್ಧವೆಂದು ಕರೆಯುತ್ತ ಬಂದಿದ್ದೇವೆ. ತಾಳಿಕೋಟೆಯಲ್ಲಿ ಸುಲ್ತಾನರ ಸೈನ್ಯಗಳು ಬೀಡುಬಿಟ್ಟಿದ್ದುವು. ಕಾಳಗ ನಡೆದದ್ದು ಅಲ್ಲಲ್ಲ, ದಕ್ಷಿಣಕ್ಕೆ, ಕೃಷ್ಣೆಯ ಕಡೆಗೆ. ಹೆಸರಿನಲ್ಲಿಯೇ ತೊಡಕಿರುವ ಈ ಘಟನೆಯನ್ನು ನಾವು ಒಂದು ವಾಕ್ಯದಲ್ಲಿ ಮುಗಿಸುತ್ತೇವೆ: ನಾಲ್ವರು ಸುಲ್ತಾನರು ಒಂದಾದರು, ರಾಮರಾಯನು ಹತನಾದನು, ವಿಜಯನಗರ ಹಾಳಾಯಿತು. ಈ ವಾಕ್ಯದಲ್ಲಿ ಸುಳ್ಳಿಲ್ಲ. ಆದರೆ ಇದರಿಂದ ಒಂದೇ ತರಗತಿಯಲ್ಲಿ ಕುಳಿತ ಇಬ್ಬರು ಹುಡುಗರು, ಒಬ್ಬನು ಹಿಂದೂ ಒಬ್ಬನು ಮುಸಲ್ಮಾನ, ಬೆಂಚಿನ ಮೇಲೆ ಒಂದು ಗೇಣು ದೂರ ಸರಿದು ಕೂಡುವಂತಾದರೆ ಅದಕ್ಕೆ ಹೊಣೆ ಯಾರು?

ಇಲ್ಲಿ ಎರಡು ಬಗೆಯ ಅಧ್ಯಾಪಕರನ್ನು ಕಾಣುತ್ತೇವೆ. ಒಬ್ಬರು ಆವೇಶದಿಂದ ಬಣ್ಣ ಕಟ್ಟಿ ಹೇಳುತ್ತಾರೆ. ಇನ್ನೊಬ್ಬರು ಸದುದ್ದೇಶದಿಂದಲೇ ವಿಷಯವನ್ನು ಮೆದುಮಾಡಿ, ಹಂಪೆಯ ಹಾಳನ್ನು ಆದಷ್ಟು ಬೇಗ ದಾಟಿ ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. ಎರಡನೆಯವರ ಮೇಲೆ ನನಗೆ ಗೌರವವಿದೆ, ಆದರೆ ಅವರ ದಾರಿಯೂ ಸರಿಯಲ್ಲ. ಹಾಳು ಕಣ್ಣೆದುರಿಗಿದೆ, ಅದನ್ನು ಮುಚ್ಚಿಡಲಾಗದು. ತರಗತಿಯಲ್ಲಿ ಹೇಳದೆ ಬಿಟ್ಟದ್ದನ್ನು ಹೊರಗೆ ಹೇಳುವವರು ಸಿದ್ಧರಾಗಿರುತ್ತಾರೆ.

ಬದಲಾಗಿ ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಕರೆಯೋಣ. ಫಿರಿಷ್ತಾ ಬರುತ್ತಾನೆ. ಅವನು ಬಿಜಾಪುರಕ್ಕೆ ಬಂದುದು 1589ರಲ್ಲಿ. ಗ್ರಂಥ ಬರೆದುದು ಆದಿಲಶಾಹಿ ಆಶ್ರಯದಲ್ಲಿ, ಯುದ್ಧವಾಗಿ ನಾಲ್ಕು ದಶಕಗಳು ಕಳೆದ ಮೇಲೆ. ಅವನ ಪ್ರಕಾರ ಫಿರಂಗಿಗಳಿಗೆ ತಾಮ್ರದ ನಾಣ್ಯಗಳನ್ನು ತುಂಬಿ ಹಾರಿಸಿದ್ದರಿಂದ ವಿಜಯನಗರದ ಸೈನ್ಯ ಕಂಗೆಟ್ಟಿತು. ಆಮೇಲೆ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್ ಬರುತ್ತಾನೆ. ಅವನು 1567ರಲ್ಲಿ, ಯುದ್ಧ ಮುಗಿದ ಎರಡೇ ವರ್ಷಕ್ಕೆ, ವಿಜಯನಗರಕ್ಕೆ ಬಂದು ಏಳು ತಿಂಗಳು ತಂಗಿದ್ದನು. ಅವನು ಫಿರಂಗಿಯ ಮಾತನ್ನು ದೊಡ್ಡದು ಮಾಡುವುದಿಲ್ಲ. ರಾಮರಾಯನ ಪಕ್ಷದಲ್ಲಿದ್ದ ಇಬ್ಬರು ಮುಸಲ್ಮಾನ ಸೇನಾನಿಗಳು ತಿರುಗಿಬಿದ್ದುದೇ ಸೋಲಿಗೆ ಕಾರಣವೆನ್ನುತ್ತಾನೆ. ಫಿರಿಷ್ತಾನಲ್ಲಿ ಈ ದ್ರೋಹದ ಸುಳಿವೇ ಇಲ್ಲ. ಇಬ್ಬರಲ್ಲಿ ಯಾರನ್ನು ನಂಬಬೇಕು? ಫ್ರೆಡರಿಕ್ ಕಾಲಕ್ಕೆ ಹತ್ತಿರದವನು, ಆದರೆ ಯುದ್ಧವನ್ನು ಕಣ್ಣಾರೆ ಕಂಡವನಲ್ಲ. ಸೋತ ಪಟ್ಟಣದಲ್ಲಿ ಕೇಳಿದ್ದನ್ನು ಬರೆದನು. ಸೋತವರು ದ್ರೋಹವನ್ನು ಕಾಣುವುದೂ ಗೆದ್ದವರು ಅದನ್ನು ಮರೆಯುವುದೂ ಲೋಕದಲ್ಲಿ ಹೊಸದೇನಲ್ಲ. ಇನ್ನೊಂದು ಸಂಗತಿ: ನಗರ ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತಿವೆ, ಆದರೆ ಬರಿದಾಗಿವೆ ಎಂಬ ಅರ್ಥದ ಮಾತನ್ನೂ ಅವನೇ ಬರೆದಿದ್ದಾನೆ. ಹಾಗಾದರೆ ಇಂದು ಕಾಣುವ ಹಾಳೆಲ್ಲ ಆ ಕೆಲವು ತಿಂಗಳುಗಳಲ್ಲೇ ಆದುದೆ, ಅನಂತರದ ಮುನ್ನೂರು ನಾನ್ನೂರು ವರ್ಷಗಳಲ್ಲಿ ಆದುದೆಷ್ಟು?

ಇನ್ನೂ ಹಿಂದಕ್ಕೆ ಹೋಗಬೇಕು. ರಾಮರಾಯನ ಸೈನ್ಯದಲ್ಲಿ ಮುಸಲ್ಮಾನ ಸೇನಾನಿಗಳಿದ್ದುದು ಏಕೆ? ಬಿಜಾಪುರದ ಅಲಿ ಆದಿಲಶಾಹನು, ರಾಮರಾಯನ ಮಗ ತೀರಿಹೋದಾಗ, ಸಂತಾಪ ಸೂಚಿಸಲು ಸಣ್ಣ ಪರಿವಾರದೊಡನೆ ವಿಜಯನಗರಕ್ಕೆ ಬಂದಿದ್ದನೆಂದೂ ರಾಮರಾಯನ ರಾಣಿ ಅವನನ್ನು ಮಗನೆಂದು ಕರೆದಳೆಂದೂ ಹೇಳುವವನು ಅದೇ ಫಿರಿಷ್ತಾ. ಆ ಇಬ್ಬರೂ ಸೇರಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದರು. ಮಗನೆನಿಸಿಕೊಂಡವನು ಕೆಲವೇ ವರ್ಷಗಳಲ್ಲಿ ಶತ್ರುವಾದುದು ಹೇಗೆ? ಇದಕ್ಕೆ ಧರ್ಮವೊಂದೇ ಉತ್ತರವಾಗಲಾರದು. ಧರ್ಮಕ್ಕೆ ಪಾಲೇ ಇಲ್ಲವೆಂದರೂ ಫಿರಿಷ್ತಾನ ಮಾತಿಗೆ ಕಿವಿ ಮುಚ್ಚಿಕೊಂಡಂತೆ. ರಾಯಚೂರು ಸೀಮೆಯ ಕೋಟೆಗಳು, ದರ್ಬಾರಿನಲ್ಲಿ ಪಟ್ಟ ಅವಮಾನಗಳು, ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದ ರಾಮರಾಯನ ಜಾಣತನ, ಎಲ್ಲವನ್ನೂ ತೂಗಬೇಕು. ಹೀಗೆ ತೂಗುವ ಕೆಲಸಕ್ಕೆ ಆ ಇಬ್ಬರು ಹುಡುಗರನ್ನೂ ಒಟ್ಟಿಗೆ ಕೂರಿಸಿ ನೋಡಿ. ಅವರು ಪೂರ್ವಜರ ಪರವಾಗಿ ವಾದಿಸುವ ವಕೀಲರಾಗುವುದಿಲ್ಲ. ಸಾಕ್ಷ್ಯದ ಮುಂದೆ ಕುಳಿತ ಇಬ್ಬರು ಪಂಚರಾಗುತ್ತಾರೆ.

ಈ ಕ್ರಮ ಹೊಸತೇನೂ ಅಲ್ಲ. ಆಕ್ಸ್‌ಫರ್ಡಿನ ಕೀಟಿಂಗ್ ಎಂಬವರು 1910ರಷ್ಟು ಹಿಂದೆಯೇ, ಮೂಲ ಆಧಾರಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡಬೇಕೆಂದು ಗ್ರಂಥವನ್ನೇ ಬರೆದರು. 1972ರಲ್ಲಿ ಇಂಗ್ಲೆಂಡಿನಲ್ಲಿ ಹದಿಮೂರರಿಂದ ಹದಿನಾರು ವರ್ಷದವರಿಗಾಗಿ ಆರಂಭವಾದ ಇತಿಹಾಸ ಯೋಜನೆಯಲ್ಲಿ, ಸತ್ತುಬಿದ್ದ ಒಬ್ಬ ಕಲ್ಪಿತ ಯುವಕನ ಜೇಬಿನಲ್ಲಿದ್ದ ಚೀಟಿಗಳಿಂದ ಅವನ ವೃತ್ತಾಂತವನ್ನು ಕಟ್ಟುವುದೇ ಮೊದಲ ಪಾಠಗಳಲ್ಲೊಂದು. ನಮ್ಮಲ್ಲಿಯೂ 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟಿನ ಅನಂತರ ಬಂದ ಹನ್ನೆರಡನೆಯ ತರಗತಿಯ ಕೇಂದ್ರ ಪಠ್ಯಪುಸ್ತಕಗಳಲ್ಲಿ ಶಾಸನಗಳ, ಪ್ರವಾಸಿಗಳ ಬರಹದ ಆಯ್ದ ಭಾಗಗಳು ಅಚ್ಚಾದುವು. ಆದರೆ ಪರೀಕ್ಷೆಯೆಂಬ ಗಿರಣಿ ಯಾವ ಧಾನ್ಯವನ್ನು ಹಾಕಿದರೂ ಒಂದೇ ಬಗೆಯ ಹಿಟ್ಟನ್ನು ಕೊಡುತ್ತದೆ. ಆ ಆಯ್ದ ಭಾಗಗಳಿಗೂ ಮಾರ್ಗದರ್ಶಿಗಳು ಹುಟ್ಟಿದುವು. ‘ಈ ಭಾಗದ ಮಹತ್ವವನ್ನು ಐದು ಅಂಶಗಳಲ್ಲಿ ಬರೆಯಿರಿ’ ಎಂಬ ಪ್ರಶ್ನೆಗೆ ಐದು ಅಂಶಗಳು ಉರುವಾದುವು. ಇಂಗ್ಲೆಂಡಿನಲ್ಲಿಯೂ, ನಾಲ್ಕು ಸಾಲಿನ ತುಣುಕೊಂದನ್ನು ಕೊಟ್ಟು ಪಕ್ಷಪಾತವನ್ನು ಗುರುತಿಸಿ ಎನ್ನುವ ಯಾಂತ್ರಿಕ ಅಭ್ಯಾಸದ ಬಗೆಗೆ ದೂರುಗಳು ಬಂದುವು. ಆಧಾರವನ್ನು ಅದರ ಕಾಲದಿಂದ ಕಿತ್ತು ತುಣುಕು ಮಾಡಿದರೆ ಅದೂ ಬೆಂದ ಕಾಳೇ.

ಇದಕ್ಕೆಲ್ಲ ಸಮಯವೆಲ್ಲಿ, ಪಾಠಗಳನ್ನು ಮುಗಿಸುವವರಾರು ಎಂದು ಉಪಾಧ್ಯಾಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇಡೀ ವರ್ಷವನ್ನು ಹೀಗೆ ಕಳೆಯಲು ಸಾಧ್ಯವಿಲ್ಲ, ಕಳೆಯಬೇಕಾಗಿಯೂ ಇಲ್ಲ. ವರ್ಷಕ್ಕೆ ಎರಡು ಪ್ರಸಂಗಗಳು ಸಾಕು. ಉಳಿದುದನ್ನು ಕಥನರೂಪದಲ್ಲಿ, ಕಾಲಾನುಕ್ರಮದಲ್ಲಿ, ಚೆನ್ನಾಗಿ ಹೇಳಲಿ. ಚೆನ್ನಾಗಿ ಕಥೆ ಹೇಳಬಲ್ಲ ಇತಿಹಾಸದ ಉಪಾಧ್ಯಾಯರನ್ನು ಕಳೆದುಕೊಳ್ಳಬೇಕೆಂದು ಯಾರು ಹೇಳುತ್ತಾರೆ? ಎರಡು ಪ್ರಸಂಗಗಳಲ್ಲಿ ಒಂದಾದರೂ ಶಾಲೆಯಿರುವ ತಾಲ್ಲೂಕಿನದೇ ಆಗಿರಲಿ ಎಂಬುದಷ್ಟೇ ನನ್ನ ಕೋರಿಕೆ.

ಇದು ಕಷ್ಟವಲ್ಲ. ಮೈಸೂರು ಸೀಮೆಯ ಶಾಸನಗಳನ್ನು ಊರೂರು ಅಲೆದು ಸಂಗ್ರಹಿಸಿದ ಬಿ. ಎಲ್. ರೈಸ್ ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ. ಅವರ ಮೊದಲ ಉದ್ಯೋಗ ಪ್ರಾಕ್ತನ ವಿಮರ್ಶೆಯಲ್ಲ, ವಿದ್ಯಾ ಇಲಾಖೆ. ಶಾಲೆಗಳ ತನಿಖೆಗೆಂದು ಹಳ್ಳಿಗಳಿಗೆ ಹೋದಾಗ ಅವರ ಕಣ್ಣಿಗೆ ಕಲ್ಲುಗಳು ಬಿದ್ದುವು. 1886ರಿಂದ 1905ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ‘ಎಪಿಗ್ರಾಫಿಯ ಕರ್ನಾಟಿಕ’ ಸುಮಾರು ಒಂಬತ್ತು ಸಾವಿರ ಶಾಸನಗಳ ಭಂಡಾರ. ಶಾಲೆಗಳ ದಾರಿಯಲ್ಲಿ ಸಿಕ್ಕ ಆ ಭಂಡಾರ ಶಾಲೆಯೊಳಗೆ ಮಾತ್ರ ಇನ್ನೂ ಬಂದಿಲ್ಲ. ಅದರಲ್ಲಿ ಶಾಸನಗಳನ್ನು ತಾಲ್ಲೂಕುವಾರಾಗಿ, ಊರಿನ ಹೆಸರು ಹಾಕಿ, ಸಂಖ್ಯೆ ಕೊಟ್ಟು ಜೋಡಿಸಲಾಗಿದೆ. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಪರಿಷ್ಕೃತ ಸಂಪುಟಗಳನ್ನೂ ಹೊರತರತೊಡಗಿತು. ಉಪಾಧ್ಯಾಯರು ಹತ್ತಿರದ ಕಾಲೇಜಿನ ಪುಸ್ತಕಭಂಡಾರದಲ್ಲಿ ತಮ್ಮ ತಾಲ್ಲೂಕಿನ ಪುಟಗಳನ್ನು ತೆರೆದು, ಶಾಲೆಯಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿರುವ ಒಂದು ಕಲ್ಲನ್ನು ಗುರುತು ಹಾಕಿಕೊಳ್ಳಲಿ. ಆ ಕಲ್ಲು ಇಂದು ಇದ್ದಲ್ಲಿಯೇ ಇದೆಯೇ ಎಂದು ನೋಡಿಬರುವುದೇ ಮಕ್ಕಳಿಗೆ ಮೊದಲನೆಯ ಅಭ್ಯಾಸ. ಕೆಲವು ಕಲ್ಲುಗಳು ಬಟ್ಟೆ ಒಗೆಯುವ ಹಾಸಾಗಿರುತ್ತವೆ, ಕೆಲವು ಕುಂಕುಮ ಬಳಿದುಕೊಂಡು ದೇವರಾಗಿರುತ್ತವೆ, ಕೆಲವು ರಸ್ತೆಯ ಕೆಳಗೆ ಹೋಗಿರುತ್ತವೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ತೋಡುವಾಗ ಎಂಟನೆಯ ಶತಮಾನದ ಒಂದು ವೀರಗಲ್ಲು ಹೊರಬಂದಿತು. ಕಿತ್ತಯ್ಯನೆಂಬ ವೀರನ ಹೆಸರು ಅದರಲ್ಲಿದೆ. ಹೆಬ್ಬಾಳದ ಹಳೆಯ ಹೆಸರು ‘ಪೆರ್ಬೊಳಲ್’ ಎಂಬುದೂ ಅದರಲ್ಲಿದೆ. ಅದನ್ನು ಗುರುತಿಸಿ ಕಾಪಾಡಲು ಓಡಾಡಿದವರು ಶಾಸನಗಳಲ್ಲಿ ಆಸಕ್ತಿಯುಳ್ಳ ಊರಿನ ಸಾಮಾನ್ಯ ನಾಗರಿಕರು.